ಗಾಡಿ ಕೆಳಗಿನ ಕಲೆ ಯಾವುದರದ್ದು? ಹಳೆಯ ಡೀಸೆಲ್ ಪಿಕಪ್‌ನಲ್ಲಿ ಸೋರಿಕೆ ಹುಡುಕುವ ಬಗೆ

ಹತ್ತು ಹನ್ನೆರಡು ವರ್ಷ ದುಡಿದ ಬೊಲೆರೊ ಪಿಕಪ್ಪೋ ಟಾಟಾ 207 ಗಾಡಿಯೋ ರಾತ್ರಿ ನಿಂತ ಜಾಗದಲ್ಲಿ ಬೆಳಿಗ್ಗೆ ನಾಲ್ಕು ಹನಿ ಕಂಡರೆ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಹನಿ ಎಂಜಿನ್ ಆಯಿಲ್ ಆಗಿದ್ದರೆ ಒಂದು ವಾರ ತಡೆದು ನೋಡಬಹುದು. ಬ್ರೇಕ್ ಆಯಿಲ್ ಆಗಿದ್ದರೆ ಗಾಡಿ ಅಂದು ಮನೆ ಮುಂದಿನಿಂದ ಕದಲಬಾರದು. ಯಾವುದೆಂದು ತಿಳಿಯಲು ಒಂದು ದೊಡ್ಡ ರಟ್ಟು, ಬಿಳಿ ಬಟ್ಟೆ, ಒಂದು ಲೋಟ ನೀರು ಮತ್ತು ಅರ್ಧ ದಿನ ಸಾಕು. ಅಷ್ಟನ್ನು ಮಾಡದೆ ಗ್ಯಾರೇಜಿಗೆ ಹೋಗಿ "ಸೋರ್ತಿದೆ, ನೋಡಿ" ಅಂದರೆ ಮೊದಲು ಕಣ್ಣಿಗೆ ಬಿದ್ದ ಒದ್ದೆ ಸೀಲು (ತಿರುಗುವ ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ) ಬದಲಾಗುತ್ತದೆ, ಸೋರಿಕೆ ಹಾಗೇ ಉಳಿಯುತ್ತದೆ. ಸೀಲಿನ ಬೆಲೆ ಸಣ್ಣದು. ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ದೊಡ್ಡದು. ಜಾಗ ಖಾತ್ರಿಯಾಗುವವರೆಗೆ ಏನನ್ನೂ ಬಿಚ್ಚಿಸಬೇಡಿ.

ರಟ್ಟು ಹಾಸುವುದು

ಫ್ರಿಜ್ಜೋ ವಾಷಿಂಗ್ ಮಷೀನೋ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಚಪ್ಪಟೆ ಮಾಡಿಕೊಳ್ಳಿ. ಗಾಡಿ ಓಡಿಸಿ ಎಂಜಿನ್ ಬಿಸಿಯಾದ ಮೇಲೆ ಮಟ್ಟವಾದ ಜಾಗದಲ್ಲಿ ನಿಲ್ಲಿಸಿ. ಇಳಿಜಾರಿನಲ್ಲಿ ನಿಂತ ಗಾಡಿಯ ಹನಿ ಹಿಂದಕ್ಕೋ ಮುಂದಕ್ಕೋ ಹರಿದು ಸುಳ್ಳು ಜಾಗ ತೋರಿಸುತ್ತದೆ. ಒಂದು ರಟ್ಟು ಬಂಪರ್‌ನಿಂದ ಗೇರ್‌ಬಾಕ್ಸ್‌ವರೆಗೆ, ಇನ್ನೊಂದು ಹಿಂದಿನ ಆಕ್ಸಲ್ ಕೆಳಗೆ. ಗಾಳಿಗೆ ಹಾರದಂತೆ ಕಲ್ಲಿಟ್ಟು, ಮುಂದಿನ ದಿಕ್ಕಿಗೆ ಬಾಣದ ಗುರುತು ಹಾಕಿ, ಚಕ್ರಗಳು ಎಲ್ಲಿವೆ ಎಂದು ರಟ್ಟಿನ ಮೇಲೇ ಗೀಟು ಎಳೆದುಕೊಳ್ಳಿ. ಗೀಟಿಲ್ಲದಿದ್ದರೆ ರಟ್ಟು ಹೊರಗೆಳೆದ ಮೇಲೆ ಯಾವ ಕಲೆ ಯಾವುದರ ಕೆಳಗಿತ್ತು ಎಂದು ಹೇಳಲಾಗುವುದಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬಿದ್ದಿರುವ ಕಲೆಗಳನ್ನೆಲ್ಲ ಪೆನ್ನಿನಿಂದ ಸುತ್ತಿ. ನಂತರ ಎಂಜಿನ್ ಶುರು ಮಾಡಿ ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಆಮೇಲೆ ಬಿದ್ದ ಹೊಸ ಹನಿಗಳಿಗೆ ಬೇರೆ ಬಣ್ಣದ ಗುರುತು ಹಾಕಿ. ರಾತ್ರಿಯಿಡೀ ಬಿದ್ದದ್ದು ತಾನಾಗಿ ಇಳಿದ ಸೋರಿಕೆ: ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಪ್ಯಾಕಿಂಗ್, ಡ್ರೈನ್ ಬೂಚು, ಆಯಿಲ್ ಸೀಲುಗಳು. ಎಂಜಿನ್ ಓಡುವಾಗ ಮಾತ್ರ ಬೀಳುವುದು ಒತ್ತಡದ ಸೋರಿಕೆ: ಆಯಿಲ್ ಪ್ರೆಶರ್ ಸ್ವಿಚ್, ಆಯಿಲ್ ಫಿಲ್ಟರ್, ವ್ಯಾಕ್ಯೂಮ್ ಪಂಪ್‌ಗೆ ಹೋಗುವ ಪೈಪು, ಟರ್ಬೊ ಪೈಪು, ಪವರ್ ಸ್ಟೀರಿಂಗ್ ಹೋಸು. ಈ ಒಂದು ವಿಂಗಡಣೆಯಿಂದಲೇ ಹುಡುಕಾಟ ಅರ್ಧ ಮುಗಿಯುತ್ತದೆ.

ಎಷ್ಟು ಸೋರುತ್ತಿದೆ ಎಂಬ ಅಂದಾಜೂ ಇಲ್ಲೇ ಸಿಗುತ್ತದೆ. 20 ಹನಿಗೆ ಸುಮಾರು 1 ಮಿಲಿಲೀಟರ್. ನಿಮಿಷಕ್ಕೊಂದು ಹನಿ ಬಿದ್ದರೆ ದಿನಕ್ಕೆ 72 ಮಿಲಿಲೀಟರ್, ವಾರಕ್ಕೆ ಅರ್ಧ ಲೀಟರ್. ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಬಹಳಷ್ಟು ಗಾಡಿಗಳಲ್ಲಿ ಅಂತರ ಸುಮಾರು 1 ಲೀಟರ್. ಹಾಗಾಗಿ "ಒಂದೊಂದೇ ಹನಿ" ಎಂದು ಬಿಟ್ಟ ಗಾಡಿ ಎರಡು ವಾರದಲ್ಲಿ ಕೆಳಗಿನ ಗೆರೆ ಮುಟ್ಟುತ್ತದೆ.

ಬಣ್ಣ, ವಾಸನೆ, ನೀರಿನ ಲೋಟ

ಹನಿಯನ್ನು ಬಿಳಿ ಬಟ್ಟೆಗೆ ಒತ್ತಿ ಬೆಳಕಿನಲ್ಲಿ ನೋಡಿ. ಡೀಸೆಲ್ ಗಾಡಿಯ ಎಂಜಿನ್ ಆಯಿಲ್ ಹಾಕಿದ ಕೆಲವೇ ದಿನದಲ್ಲಿ ಮಸಿಯಂತೆ ಕಪ್ಪಾಗುತ್ತದೆ. ಆದ್ದರಿಂದ ಕಡುಗಪ್ಪು ಕಂಡರೆ ಬಹುತೇಕ ಅದೇ. ಕಂದು ಬಣ್ಣ, ಜೇನಿನಂಥ ಮಂದ, ಮೂಗಿಗೆ ಹಿಡಿದರೆ ಗಂಧಕದ ಕಟು ವಾಸನೆ ಇದ್ದರೆ ಗೇರ್ ಆಯಿಲ್. ಕೆಂಪಗೆ ತೆಳ್ಳಗಿದ್ದರೆ ಸಾಮಾನ್ಯವಾಗಿ ಪವರ್ ಸ್ಟೀರಿಂಗ್ ಆಯಿಲ್. ಹಳತಾದರೆ ಅದೂ ಕಂದಾಗುತ್ತದೆ. ಡೀಸೆಲ್ ಹನಿ ನಿಂತಲ್ಲಿ ನಿಲ್ಲದೆ ರಟ್ಟಿನ ಮೇಲೆ ಅಗಲವಾಗಿ ಹಬ್ಬುತ್ತದೆ, ವಾಸನೆ ಸುಳ್ಳಾಡುವುದಿಲ್ಲ.

ಗೊಂದಲವಾಗುವುದು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಮತ್ತು ಬ್ರೇಕ್ ಆಯಿಲ್‌ನಲ್ಲಿ. ಲೋಟದ ನೀರಿಗೆ ಒಂದು ಹನಿ ಬಿಡಿ. ಎಂಜಿನ್ ಆಯಿಲ್, ಗೇರ್ ಆಯಿಲ್, ಸ್ಟೀರಿಂಗ್ ಆಯಿಲ್, ಡೀಸೆಲ್ ಎಲ್ಲವೂ ಮೇಲೆ ತೇಲುತ್ತವೆ. ಕೂಲೆಂಟ್ ಮತ್ತು ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿಹೋಗುತ್ತವೆ. ಕರಗಿದ ಎರಡರಲ್ಲಿ ಹಸಿರು, ನೀಲಿ ಅಥವಾ ಗುಲಾಬಿ ಬಣ್ಣ, ಸಿಹಿ ಸಿಹಿ ವಾಸನೆ ಇದ್ದರೆ ಕೂಲೆಂಟ್. ತಿಳಿ ಹಳದಿಯಿಂದ ಟೀ ಡಿಕಾಕ್ಷನ್ ಬಣ್ಣದವರೆಗೆ ಇದ್ದು, ಬೆರಳಲ್ಲಿ ಉಜ್ಜಿದರೆ ತುಂಬಾ ಜಾರುತ್ತಿದ್ದರೆ ಬ್ರೇಕ್ ಆಯಿಲ್. ಅದು ಪೇಂಟ್ ಎಬ್ಬಿಸುತ್ತದೆ. ಸೋರಿದ ಜಾಗದ ಪೇಂಟ್ ಗುಳ್ಳೆಯಾಗಿ ಸುಲಿದಿದ್ದರೆ ಅದೇ ಸಾಕ್ಷಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಯಾವುದನ್ನೂ ನಾಲಿಗೆಗೆ ತಾಗಿಸಬೇಡಿ.

ಎಸಿ ಇರುವ ಗಾಡಿಯಲ್ಲಿ ಕ್ಯಾಬಿನ್ ಕೆಳಗೆ ಬಣ್ಣ ವಾಸನೆ ಇಲ್ಲದ ನೀರು ಬಿದ್ದರೆ ಅದು ಎಸಿ ನೀರು, ಬಿಟ್ಟುಬಿಡಿ.

ತೊಳೆದು ನೋಡುವುದು

ಹಳೆಯ ಗಾಡಿಯ ಹೊಟ್ಟೆಯಡಿ ಎಲ್ಲವೂ ಒದ್ದೆಯೇ. ರೇಡಿಯೇಟರ್ ಫ್ಯಾನಿನ ಗಾಳಿ ಮುಂದೆ ಸೋರಿದ ಆಯಿಲನ್ನು ಹಿಂದಕ್ಕೆ ಬಡಿಯುತ್ತದೆ. ಕ್ರ್ಯಾಂಕ್ ಪುಲ್ಲಿ ಹಿಂದಿನ ಸಣ್ಣ ಸೀಲು ಹೋದರೆ ನೂರು ಕಿಲೋಮೀಟರ್ ಒಳಗೆ ಚೇಂಬರ್, ಬೆಲ್ ಹೌಸಿಂಗ್ (ಎಂಜಿನ್, ಗೇರ್‌ಬಾಕ್ಸ್ ನಡುವೆ ಕ್ಲಚ್ ಇರುವ ಗೂಡು), ಗೇರ್‌ಬಾಕ್ಸ್ ಎಲ್ಲವೂ ಕಪ್ಪಾಗಿ, ಹಿಂದಿನ ಸೀಲೇ ಹೋಗಿದೆ ಎನ್ನುವಂತೆ ಕಾಣುತ್ತದೆ. ಆದ್ದರಿಂದ ತೊಳೆಯದೆ ತೀರ್ಮಾನ ಮಾಡಬೇಡಿ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ವೈರಿಂಗ್ ಸಾಕೆಟ್ಟು, ಏರ್ ಕ್ಲೀನರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಡಿಗ್ರೀಸರ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಹತ್ತು ನಿಮಿಷ ಬಿಟ್ಟು, ಮೇಲಿನಿಂದ ಕೆಳಗೆ ತೊಳೆಯಿರಿ. ಸರ್ವೀಸ್ ಸ್ಟೇಷನ್‌ನಲ್ಲಿ ಮಾಡಿಸುವುದಾದರೆ ಒಂದು ಮಾತು ಮೊದಲೇ ಹೇಳಿ: ಕೆಳಗೆ ಆಯಿಲ್ ಸ್ಪ್ರೇ ಬೇಡ. ತೊಳೆದ ಮೇಲೆ ಕಮಾನ್ ಪ್ಲೇಟಿಗೂ (ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಛಾಸಿಗೂ ಹಳೆಯ ಆಯಿಲ್ ಹೊಡೆಯುವ ರೂಢಿ ಇದೆ. ಅದಾದರೆ ಸೋರಿಕೆ ಹುಡುಕುವ ಕೆಲಸ ಮತ್ತೆ ಮೊದಲಿಗೇ ಬಂತು.

ಒಣಗಿದ ಮೇಲೆ ಅನುಮಾನವಿರುವ ಜಾಗಗಳಿಗೆ ಮುಖಕ್ಕೆ ಹಾಕುವ ಟಾಲ್ಕಂ ಪೌಡರನ್ನೇ ತೆಳ್ಳಗೆ ಉದುರಿಸಿ. ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಮತ್ತು ಕೈಗನ್ನಡಿ ಹಿಡಿದು ನೋಡಿ. ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ನದಿಯಂತೆ ಇಳಿದಿರುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾದ ಬಿಂದುವೇ ಮೂಲ. ಅದರ ಕೆಳಗಿನದೆಲ್ಲ ಅಲ್ಲಿಂದ ಇಳಿದದ್ದು.

ಗಾಡಿ ಕೆಳಗೆ ನುಗ್ಗುವಾಗ ಬರೀ ಜ್ಯಾಕ್ ನಂಬಬೇಡಿ. ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಎರಡೂ ಕಡೆ ಮರದ ದಿಮ್ಮಿ ಅಡ್ಡ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದ ಮೇಲೆಯೇ ತಲೆ ಒಳಗೆ ಹಾಕಿ.

ಸೀಲು ಬದಲಿಸುವ ಮೊದಲು ಬ್ರೀದರ್

ಒಂದೇ ಸಲಕ್ಕೆ ಎರಡು ಮೂರು ಕಡೆ ಆಯಿಲ್ ಜಿನುಗುತ್ತಿದ್ದರೆ ಎಲ್ಲ ಸೀಲುಗಳೂ ಒಟ್ಟಿಗೆ ಕೆಟ್ಟಿವೆ ಎಂದುಕೊಳ್ಳಬೇಡಿ. ಪಿಸ್ಟನ್ ಪಕ್ಕದಿಂದ ಚೇಂಬರ್‌ಗೆ ಇಳಿಯುವ ಗಾಳಿ ಹೊರಹೋಗಲು ಬ್ರೀದರ್ ಹೋಸ್ ಇರುತ್ತದೆ. ಅದು ಆಯಿಲ್ ಕೆಸರಿನಿಂದ ಕಟ್ಟಿಕೊಂಡರೆ, ಇಲ್ಲವೇ ಮಡಚಿಕೊಂಡರೆ, ಒಳಗಿನ ಒತ್ತಡ ಏರಿ ಎಲ್ಲಿ ಸಂದು ಸಿಕ್ಕರೂ ಆಯಿಲನ್ನು ಹೊರಗೆ ತಳ್ಳುತ್ತದೆ. ಹೊಸ ಸೀಲು ಹಾಕಿದರೂ ತಿಂಗಳೊಳಗೆ ಮತ್ತೆ ಒದ್ದೆ.

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಯ ಮೇಲೆ ಬೋರಲಾಗಿ ಇಡಿ. ಸಣ್ಣಗೆ ಹೊಗೆಯಾಡುವುದು, ಮುಚ್ಚಳ ಸ್ವಲ್ಪ ನಡುಗುವುದು ಹಳೆಯ ಡೀಸೆಲ್‌ನಲ್ಲಿ ಸಹಜ. ಇಡ್ಲಿ ಪಾತ್ರೆಯ ಮುಚ್ಚಳದಂತೆ ಕುಣಿದು ಬಿದ್ದರೆ ಒತ್ತಡ ಹೆಚ್ಚಾಗಿದೆ. ಬ್ರೀದರ್ ಹೋಸ್ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು ಮತ್ತೆ ನೋಡಿ. ಆಗಲೂ ಕುಣಿದರೆ ರಿಂಗು, ಲೈನರ್ ಸವೆದಿವೆ. ಅಂಥ ಎಂಜಿನ್‌ಗೆ ಸೀಲು ಹಾಕಿಸುತ್ತಾ ಹೋಗುವುದು ದುಡ್ಡು ದಂಡ. ಕಂಪ್ರೆಷನ್ ನೋಡಿಸಿ ನಿರ್ಧಾರ ಮಾಡಿ.

ಎಂಜಿನ್ ಸುತ್ತ ಸೋರುವ ಜಾಗಗಳು

ಟ್ಯಾಪೆಟ್ ಕವರ್ ಪ್ಯಾಕಿಂಗ್ ಎಲ್ಲಕ್ಕಿಂತ ಮೇಲಿದೆ, ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹೆಚ್ಚು ಸೋರುತ್ತದೆ. ಕವರ್‌ನ ಹಿಂಬದಿ ಅಂಚನ್ನು ಬೆರಳಾಡಿಸಿ ನೋಡಿ. ಅಲ್ಲಿಂದ ಇಳಿದ ಆಯಿಲ್ ನೇರ ಬೆಲ್ ಹೌಸಿಂಗ್ ಮೇಲೆ ಬೀಳುತ್ತದೆ. ಸೋರಿತೆಂದು ಬೋಲ್ಟು ಬಿಗಿಯುತ್ತಾ ಹೋದರೆ ತಗಡಿನ ಕವರ್ ಬಾಗಿ ಸೋರಿಕೆ ಹೆಚ್ಚಾಗುತ್ತದೆ. ಹಳೆಯ ಪ್ಯಾಕಿಂಗ್ ಪೂರ್ತಿ ಕೆರೆದು, ಎರಡೂ ಮುಖ ಒರೆಸಿ ಒಣಗಿಸಿ, ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ರಬ್ಬರ್ ಪ್ಯಾಕಿಂಗ್‌ಗೆ ಉದ್ದಕ್ಕೂ ಸಿಲಿಕಾನ್ ಗಮ್ ಬಳಿಯಬೇಕಿಲ್ಲ. ಚೇಂಬರ್‌ಗೆ ಗಮ್ ಹಾಕುವುದಾದರೂ 2-3 ಮಿಲಿಮೀಟರ್ ದಪ್ಪದ ಒಂದೇ ಗೆರೆ ಸಾಕು. ಹೆಚ್ಚಾದದ್ದು ಒಳಗೆ ಉದುರಿ ಆಯಿಲ್ ಸ್ಟ್ರೈನರ್‌ಗೆ ಸಿಕ್ಕಿಕೊಂಡರೆ ಎಂಜಿನ್‌ಗೇ ಆಯಿಲ್ ಹೋಗುವುದಿಲ್ಲ.

ಹಲವು ಹಳೆಯ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಬೆನ್ನಿಗೇ ಇರುತ್ತದೆ. ಅದಕ್ಕೆ ಎಂಜಿನ್‌ನಿಂದ ಸಣ್ಣ ಪೈಪಿನಲ್ಲಿ ಆಯಿಲ್ ಬರುತ್ತದೆ, ದಪ್ಪ ಹೋಸಿನಲ್ಲಿ ವಾಪಸ್ ಹೋಗುತ್ತದೆ. ಬಿಸಿಗೆ ಹೋಸ್ ಗಡಸಾಗಿ ಕ್ಲಿಪ್ಪಿನ ಬುಡದಲ್ಲಿ ಬಿರುಕು ಬಿಡುತ್ತದೆ. ಇದನ್ನು ಬಹಳ ಮಂದಿ ನೋಡುವುದೇ ಇಲ್ಲ. ಸೋರಿದ ಆಯಿಲ್ ಆಲ್ಟರ್ನೇಟರ್ ಒಳಗೆ ಇಳಿದು ಬ್ರಷ್ ಕೆಡಿಸುತ್ತದೆ, ಚಾರ್ಜಿಂಗ್ ಹೋಗುತ್ತದೆ. ಬ್ಯಾಟರಿ ಬದಲಿಸಿದರೂ ತೊಂದರೆ ಮುಗಿಯುವುದಿಲ್ಲ. ಪೈಪು ಎರಡೂ ಬದಲಿಸಿ, ಪೈಪಿನ ತುದಿ ಹಿಡಿಯುವ ಟೊಳ್ಳು ಬೋಲ್ಟಿಗೆ (ಬ್ಯಾಂಜೊ ಬೋಲ್ಟ್) ಹೊಸ ತಾಮ್ರದ ವಾಷರ್ ಹಾಕಿ. ಹೊಸದು ಸಿಗದ ಕಡೆ ಹಳೆಯ ವಾಷರನ್ನೇ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ತಾಮ್ರ ಮತ್ತೆ ಮೆತ್ತಗಾಗಿ ಒಂದು ಸಲಕ್ಕೆ ಕೂರುತ್ತದೆ.

ಆಯಿಲ್ ಫಿಲ್ಟರ್ ಬದಲಿಸಿದ ಮರುದಿನವೇ ಸೋರಿದರೆ ಹಳೆಯ ಫಿಲ್ಟರಿನ ರಬ್ಬರ್ ರಿಂಗು ಬ್ಲಾಕಿಗೇ ಅಂಟಿಕೊಂಡು ಉಳಿದಿದೆಯೇ ನೋಡಿ. ಎರಡು ರಿಂಗು ಒಂದರ ಮೇಲೊಂದು ಕೂತರೆ ಎಂಜಿನ್ ರೇಸ್ ಮಾಡಿದಾಗ ಆಯಿಲ್ ಚಿಮ್ಮುತ್ತದೆ. ಹೊಸ ರಿಂಗಿಗೆ ಆಯಿಲ್ ಸವರಿ, ಮುಟ್ಟಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿದರೆ ಸಾಕು.

ಬೆಲ್ ಹೌಸಿಂಗ್ ಕೆಳಗಿನ ರಂಧ್ರದಿಂದ ತೊಟ್ಟಿಕ್ಕುತ್ತಿದ್ದರೆ ಮೂರು ಸಾಧ್ಯತೆ. ಕಪ್ಪಗಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲು, ಇಲ್ಲವೇ ಮೇಲಿನ ಟ್ಯಾಪೆಟ್ ಕವರ್‌ನಿಂದ ಇಳಿದದ್ದು. ಗಂಧಕದ ವಾಸನೆ ಇದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲು. ನೀರಿನಲ್ಲಿ ಕರಗಿದರೆ ಕ್ಲಚ್ ಸ್ಲೇವ್ ಸಿಲಿಂಡರ್ (ಬ್ರೇಕ್ ಆಯಿಲಿನ ಒತ್ತಡದಿಂದ ಕ್ಲಚ್ ತಳ್ಳುವ ಭಾಗ). ಗೇರ್‌ಬಾಕ್ಸ್ ಇಳಿಸಬೇಕಾದರೆ ಹಿಂದಿನ ಸೀಲು, ಇನ್‌ಪುಟ್ ಸೀಲು, ರಿಲೀಸ್ ಬೇರಿಂಗು ಒಟ್ಟಿಗೇ ಬದಲಿಸಿ. ಆಯಿಲ್ ಕುಡಿದ ಕ್ಲಚ್ ಪ್ಲೇಟನ್ನು ಪೆಟ್ರೋಲ್‌ನಲ್ಲಿ ತೊಳೆದು ಹಾಕಿದರೆ ಲೋಡು ಹೇರಿ ಏರು ಹತ್ತುವಾಗ ಮತ್ತೆ ಜಾರುತ್ತದೆ.

ಯಾವುದೇ ಆಯಿಲ್ ಸೀಲು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. ಅದರ ಮುಖದ ಮೇಲೆ 35-52-10 ಎಂಬಂತೆ ಮೂರು ಅಂಕಿ ಇರುತ್ತವೆ: ಒಳ ಅಳತೆ, ಹೊರ ಅಳತೆ, ದಪ್ಪ, ಮಿಲಿಮೀಟರಿನಲ್ಲಿ. ಹಾಕುವ ಮೊದಲು ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಹಳೆಯ ಸೀಲಿನ ತುಟಿ ಸವೆಸಿದ ಕಾಲುವೆಗೆ ಉಗುರು ಸಿಕ್ಕಿಕೊಂಡರೆ ಅದೇ ಜಾಗದಲ್ಲಿ ಕೂತ ಹೊಸ ಸೀಲೂ ಸೋರುತ್ತದೆ. ಜಾಗವಿದ್ದರೆ 1-2 ಮಿಲಿಮೀಟರ್ ಈಚೆಗೆ ಕೂರಿಸಿ, ಇಲ್ಲದಿದ್ದರೆ ಶಾಫ್ಟಿಗೆ ಸ್ಲೀವ್ ಹಾಕಿಸಿ. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗಿರಬೇಕು. ತುಟಿಗೆ ಗ್ರೀಸ್ ಸವರಿ, ಅದೇ ಅಗಲದ ಪೈಪಿನ ತುಂಡಿಟ್ಟು ಸುತ್ತಲೂ ಸಮನಾಗಿ ತಟ್ಟಿ. ಸ್ಕ್ರೂಡ್ರೈವರ್ ಇಟ್ಟು ಒಂದೊಂದೇ ಕಡೆ ಹೊಡೆದರೆ ಓರೆಯಾಗುತ್ತದೆ.

ಕೂಲೆಂಟ್

ಬೆಳಿಗ್ಗೆ ತಣ್ಣಗಿರುವಾಗ ನೋಡಿ. ಬಿಸಿ ರೇಡಿಯೇಟರ್‌ನ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಬಿಸಿಯಲ್ಲಿ ಸೋರಿದ ಕೂಲೆಂಟ್ ಹನಿಯಾಗುವ ಮೊದಲೇ ಆರಿಹೋಗುವುದರಿಂದ ಹನಿಗಿಂತ ಅದು ಬಿಟ್ಟುಹೋದ ಉಪ್ಪಿನಂಥ ಬಿಳಿ, ಹಸಿರು ಪೊರೆಯನ್ನು ಹುಡುಕಬೇಕು. ವಾಟರ್ ಪಂಪ್ ಪುಲ್ಲಿಯ ಹಿಂದೆ, ಪಂಪಿನ ಹೊಟ್ಟೆಯಲ್ಲಿ, ಪೆನ್ಸಿಲ್ ತುದಿಯಷ್ಟು ಸಣ್ಣ ರಂಧ್ರವಿರುತ್ತದೆ. ಪಂಪಿನ ಒಳ ಸೀಲು ಸವೆಯಿತು ಎಂದು ತಿಳಿಸಲೆಂದೇ ಅದನ್ನು ಬಿಟ್ಟಿರುತ್ತಾರೆ. ಅದರ ಬಾಯಿಂದ ಕೆಳಕ್ಕೆ ಒಣಗಿದ ಕಂಬನಿಯಂತೆ ಗೆರೆ ಇದ್ದರೆ ಪಂಪಿಗೆ ದಿನ ಹತ್ತಿರ ಬಂತು. ಆ ರಂಧ್ರಕ್ಕೆ ಎಂ-ಸೀಲ್ ಮೆತ್ತಿ ಮುಚ್ಚಿದರೆ ನೀರು ಬೇರಿಂಗಿಗೆ ನುಗ್ಗುತ್ತದೆ, ಪಂಪ್ ಹಿಡಿದು ಬೆಲ್ಟ್ ಕಿತ್ತುಹೋಗುತ್ತದೆ.

ಹೋಸುಗಳನ್ನು ಹಿಸುಕಿ ನೋಡಿ. ಕರಕರ ಎಂದರೆ ಒಳಗೆ ಬಿರುಕು. ಕ್ಲಿಪ್ ಹತ್ತಿರ ಊದಿಕೊಂಡಿದ್ದರೆ ಇವತ್ತೇ ಬದಲಿಸಿ. ಹೊರಗೆಲ್ಲೂ ಕಲೆ ಇಲ್ಲ, ಮಟ್ಟ ಮಾತ್ರ ಇಳಿಯುತ್ತಿದೆ ಎಂದಾದರೆ ಹೆಡ್ ಪ್ಯಾಕಿಂಗ್ ಅನುಮಾನಿಸಿ. ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರ್ ಬಾಯಲ್ಲಿ ನಿಲ್ಲದೆ ಗುಳ್ಳೆ ಏಳುವುದು, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹಬೆ ಬರುವುದು, ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣ, ಇವುಗಳಲ್ಲಿ ಯಾವುದು ಕಂಡರೂ ಗಾಡಿ ನಿಲ್ಲಿಸಿ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರನ್ನೇ ರೇಡಿಯೇಟರ್‌ಗೆ ಹಾಕುವುದು ರೂಢಿ. ಆ ಗಡಸು ನೀರು ಸ್ನಾನದ ಗೀಸರ್‌ನಲ್ಲಿ ಕಟ್ಟುವಂಥ ಸುಣ್ಣವನ್ನೇ ರೇಡಿಯೇಟರ್ ಟ್ಯೂಬಿನಲ್ಲೂ ಕಟ್ಟುತ್ತದೆ. ಕೂಲೆಂಟ್ ಗಾಢವಾದದ್ದಾದರೆ ಅರ್ಧಕ್ಕರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬೆರೆಸಿ. ಬೆರೆಸಿಯೇ ಮಾರುವ ಕೂಲೆಂಟಾದರೆ ನೀರು ಬೇಡ. ಅರಿಶಿನ ಪುಡಿ, ಲೀಕ್ ನಿಲ್ಲಿಸುವ ಪುಡಿಗಳು ಸಣ್ಣ ತೂತಿನ ಜೊತೆ ಹೀಟರಿನ, ರೇಡಿಯೇಟರಿನ ಸಣ್ಣ ಟ್ಯೂಬುಗಳನ್ನೂ ಮುಚ್ಚುತ್ತವೆ. ಬಿಸಿ ಏರಿದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ. ಮುಕ್ಕಾಲು ಗಂಟೆ ಕಾಯಿರಿ. ನೆಲಕ್ಕೆ ಬಿದ್ದ ಕೂಲೆಂಟನ್ನು ಕೂಡಲೇ ನೀರು ಹಾಕಿ ತೊಳೆಯಿರಿ. ಸಿಹಿಯಾಗಿರುವುದರಿಂದ ನಾಯಿ, ಹಸು ನೆಕ್ಕುತ್ತವೆ, ಅದು ಅವಕ್ಕೆ ವಿಷ.

ಬ್ರೇಕ್ ಮತ್ತು ಕ್ಲಚ್ ಆಯಿಲ್

ಡಬ್ಬಿಯಲ್ಲಿ ಮಟ್ಟ ತಿಂಗಳುಗಟ್ಟಲೆ ಮೆಲ್ಲಗೆ ಇಳಿದರೆ ಬ್ರೇಕಿನ ಪ್ಯಾಡ್, ಲೈನರ್ ಸವೆಯುತ್ತಿವೆ ಎಂದರ್ಥ. ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿದರೆ ಸೋರಿಕೆ. ಮೇಲೆ ತುಂಬಿಸಿ ಸುಮ್ಮನಾಗುವುದು ಈ ಗಾಡಿಗಳಲ್ಲಿ ನಡೆಯುವ ಅತಿ ಅಪಾಯದ ತಪ್ಪು. ಶಿರಾಡಿಯೋ ಚಾರ್ಮಾಡಿಯೋ ಇಳಿಯುವಾಗ ಪೆಡಲ್ ನೆಲ ಮುಟ್ಟಿದರೆ ಹಿಂದೆ ಇರುವ ಒಂದೂವರೆ ಟನ್ ಲೋಡು ನಿಲ್ಲುವುದಿಲ್ಲ.

ಎಂಜಿನ್ ಆಫ್ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ ಬೂಸ್ಟರ್‌ನ ವ್ಯಾಕ್ಯೂಮ್ ಖಾಲಿ ಮಾಡಿ. ಆಮೇಲೆ ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಕಾಲಿನ ಕೆಳಗೆ ಪೆಡಲ್ ಮೆಲ್ಲಗೆ ಜಾರಿದರೆ ಆಯಿಲ್ ಎಲ್ಲೋ ಹೋಗುತ್ತಿದೆ. ಹಾಗೇ ಒತ್ತಿಕೊಂಡು ಸ್ಟಾರ್ಟ್ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗಿಳಿದು ನಿಂತರೆ ಬೂಸ್ಟರ್ ಸರಿಯಿದೆ.

ಮೊದಲು ಹಿಂದಿನ ಡ್ರಮ್ ಬಿಚ್ಚಿ. ಮೇಲ್ಗಡೆ ಇರುವ ವೀಲ್ ಸಿಲಿಂಡರಿನ ಎರಡೂ ತುದಿಗೆ ರಬ್ಬರ್ ಟೋಪಿ ಇರುತ್ತದೆ. ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಟೋಪಿಯ ಅಂಚನ್ನು ಹರಿಯದಂತೆ ಎತ್ತಿ. ಒಳಗೆ ತೇವದ ಮಬ್ಬು ಇದ್ದರೆ ಪರವಾಗಿಲ್ಲ. ಹನಿ ಜಾರಿ ಬೆರಳಿಗೆ ಬಂದರೆ ಸಿಲಿಂಡರ್ ಹೋಗಿದೆ. ಒಳಗೋಡೆಯಲ್ಲಿ ತುಕ್ಕಿನ ಗುಳಿ ಇದ್ದರೆ ಬರೀ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಿ, ಎರಡೂ ಕಡೆ. ನೆನೆದ ಲೈನರ್‌ಗಳೂ ಎರಡೂ ಕಡೆ ಹೊಸದಾಗಬೇಕು, ಇಲ್ಲದಿದ್ದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಕರಾವಳಿಯಲ್ಲಿ ಓಡುವ ಗಾಡಿಯಾದರೆ ಛಾಸಿ ಉದ್ದಕ್ಕೂ ಹೋಗುವ ಕಬ್ಬಿಣದ ಬ್ರೇಕ್ ಪೈಪನ್ನು, ಅದರಲ್ಲೂ ಕ್ಲಿಪ್ಪುಗಳ ಅಡಿಯಲ್ಲಿ, ಉಪ್ಪು ಗಾಳಿಯ ತುಕ್ಕಿಗಾಗಿ ನೋಡಿ. ಆಕ್ಸಲ್‌ಗೆ ಇಳಿಯುವ ರಬ್ಬರ್ ಹೋಸನ್ನು ಬಗ್ಗಿಸಿದಾಗ ಬಿರುಕು ತೆರೆದರೆ ಬದಲಿಸಿ.

ಎಲ್ಲ ಚಕ್ರ ಒಣಗಿದ್ದೂ ಮಟ್ಟ ಇಳಿಯುತ್ತಿದ್ದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಬೂಸ್ಟರ್‌ಗೆ ಹಿಡಿದ ಎರಡು ನಟ್ಟು ಸಡಿಲಿಸಿ, ಪೈಪು ಬಿಚ್ಚದೆ ಸ್ವಲ್ಪ ಮುಂದಕ್ಕೆ ಎಳೆದು ಹಿಂಬದಿ ನೋಡಿ. ಸೋರಿದ್ದೆಲ್ಲ ಬೂಸ್ಟರ್ ಹೊಟ್ಟೆಗೆ ಇಳಿದಿರುತ್ತದೆ, ನೆಲಕ್ಕೆ ಒಂದು ಹನಿಯೂ ಬಿದ್ದಿರುವುದಿಲ್ಲ. ಕ್ಲಚ್‌ನದಾದರೆ ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿ. ಪೆಡಲ್ ರಾಡಿನ ಬುಡದಿಂದ ಗೆರೆ ಇಳಿದಿರುತ್ತದೆ. ಗೇರ್ ಹಾಕುವಾಗ ಕರ್ ಎನ್ನುವುದು, ಎರಡು ಸಲ ಒತ್ತಿದರೆ ಸರಿಹೋಗುವುದು ಇದರ ಮೊದಲ ಲಕ್ಷಣ.

ಬ್ರೇಕ್ ಭಾಗಗಳನ್ನು ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಬೇಡಿ. ರಬ್ಬರ್ ವಾಷರ್‌ಗಳು ಉಬ್ಬುತ್ತವೆ. ಬ್ರೇಕ್ ಕ್ಲೀನರ್ ಅಥವಾ ಹೊಸ ಬ್ರೇಕ್ ಆಯಿಲ್ ಮಾತ್ರ. ಡಬ್ಬಿಗೆ ತಪ್ಪಿ ಎಂಜಿನ್ ಆಯಿಲೋ ಸ್ಟೀರಿಂಗ್ ಆಯಿಲೋ ಬಿದ್ದರೆ ಮಾಸ್ಟರ್‌ನಿಂದ ಚಕ್ರದವರೆಗೆ ಎಲ್ಲ ರಬ್ಬರ್ ಬದಲಿಸಬೇಕಾಗುತ್ತದೆ.

ಭಾಗ ಬದಲಿಸಿದ ಮೇಲೆ ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆಯುವಾಗ ಮಾಸ್ಟರ್‌ಗೆ ದೂರದ ಚಕ್ರದಿಂದ ಶುರು ಮಾಡಿ: ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಒತ್ತಿ ಹಿಡಿದಿರುವಾಗಲೇ ಇನ್ನೊಬ್ಬರು ನಿಪ್ಪಲ್ ಕಾಲು ಸುತ್ತು ಬಿಟ್ಟು ಮುಚ್ಚಬೇಕು, ಮುಚ್ಚಿದ ಮೇಲೆಯೇ ಕಾಲು ಎತ್ತಬೇಕು. ಡಬ್ಬಿ ಅರ್ಧಕ್ಕಿಂತ ಕೆಳಗಿಳಿಯದಂತೆ ತುಂಬುತ್ತಿರಿ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಕುಡಿದದ್ದು ಘಾಟಿಯ ಬಿಸಿಗೆ ಕುದಿದು ಹಬೆಯಾಗಿ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ತೆರೆದಿಟ್ಟು ತಿಂಗಳುಗಳಾದ ಡಬ್ಬಿಯದ್ದು ಬಳಸಬೇಡಿ.

ಹಿಂದಿನ ಆಕ್ಸಲ್

ಹಿಂದಿನ ಟೈರಿನ ಒಳಮಗ್ಗುಲಲ್ಲಿ ಕಪ್ಪು ಗೆರೆಗಳು ಕಂಡರೆ ಡ್ರಮ್ ಬಿಚ್ಚಿ ಮೂಸಿ ನೋಡಿ. ಮೇಲಿನ ಸಿಲಿಂಡರ್‌ನಿಂದ ಇಳಿದಿದ್ದರೆ ಬ್ರೇಕ್ ಆಯಿಲ್; ನಡುವಿನಿಂದ ಬಂದು ಗಂಧಕ ನಾರಿದರೆ ಆಕ್ಸಲ್ ಸೀಲು. ಎರಡನೆಯದಾದರೆ ಸೀಲು ತರುವ ಮೊದಲು ಆಕ್ಸಲ್ ಹೌಸಿಂಗ್ ಮೇಲಿನ ಬ್ರೀದರ್ ನೋಡಿ. ಬೆರಳುಗಾತ್ರದ ಸಣ್ಣ ಟೋಪಿ, ಕೆಲವದರಲ್ಲಿ ಪುಟ್ಟ ಹೋಸ್. ಕಬ್ಬಿನ ಗದ್ದೆ, ತೋಟದ ಕೆಸರಿನಲ್ಲಿ ಓಡಿದ ಗಾಡಿಯಲ್ಲಿ ಅದು ಮಣ್ಣು ಮೆತ್ತಿ ಇಟ್ಟಿಗೆಯಂತಾಗಿರುತ್ತದೆ. ಓಡಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಸೀಲು ದಾಟಿ ಆಯಿಲನ್ನು ತಳ್ಳುತ್ತದೆ. ಬಿಸಿ ಆಕ್ಸಲ್ ಹಳ್ಳದ ನೀರಿಗೆ ಇಳಿದಾಗ ಇದು ತಿರುಗಾಮುರುಗಾ ಆಗಿ ಅದೇ ಸೀಲಿನಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ, ಆಯಿಲ್ ಹಾಲಿನಂತಾಗುತ್ತದೆ. ಟೋಪಿ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಬೆರಳಲ್ಲಿ ಸಲೀಸಾಗಿ ಅಲ್ಲಾಡುವಂತೆ ಮಾಡಿ.

ಪ್ರೊಪೆಲ್ಲರ್ ಶಾಫ್ಟ್ ಡಿಫರೆನ್ಷಿಯಲ್‌ಗೆ ಸೇರುವಲ್ಲಿ ಪಿನಿಯನ್ ಸೀಲು ಹೋದರೆ ತಿರುಗುವ ಶಾಫ್ಟ್ ಆಯಿಲನ್ನು ಸುತ್ತಲೂ ಎರಚಿ, ಲೋಡ್ ಬಾಡಿಯ ತಳದಲ್ಲಿ ಪಟ್ಟೆ ಬರೆದಿರುತ್ತದೆ. ಇಲ್ಲಿ ನಟ್ಟು ಬಿಚ್ಚುವ ಮೊದಲು ನಟ್ಟು, ಶಾಫ್ಟ್, ಫ್ಲ್ಯಾಂಜ್ ಮೂರಕ್ಕೂ ಒಂದೇ ಗೆರೆ ಗುರುತು ಹಾಕಿ, ಬಿಚ್ಚುವಾಗ ಸುತ್ತು ಎಣಿಸಿಕೊಂಡು ಅದೇ ಜಾಗಕ್ಕೆ ತನ್ನಿ. ಬೇರಿಂಗಿನ ಬಿಗಿ ಆ ನಟ್ಟಿನ ಮೇಲಿದೆ. ಮನಬಂದಂತೆ ಬಿಗಿದರೆ ಕ್ರೌನ್ ಪಿನಿಯನ್ ಊಳಿಡಲು ಶುರುವಾಗುತ್ತದೆ.

ಆಯಿಲ್ ಬದಲಿಸುವಾಗ ಮೊದಲು ತುಂಬುವ ಬೂಚು ಬಿಚ್ಚಿ, ನಂತರ ಇಳಿಸುವ ಬೂಚು. ತುಂಬುವ ಬೂಚು ತುಕ್ಕು ಹಿಡಿದು ಬಿಡದೇ ಹೋದರೆ ಖಾಲಿ ಮಾಡಿದ ಗಾಡಿ ಅಲ್ಲೇ ನಿಂತಿರಬೇಕಾಗುತ್ತದೆ. ಮಟ್ಟದ ಜಾಗದಲ್ಲಿ, ತುಂಬುವ ರಂಧ್ರದ ಕೆಳ ಅಂಚಿಗೆ ಆಯಿಲ್ ತಾಕಬೇಕು, ಅದಕ್ಕಿಂತ ಹೆಚ್ಚು ಬೇಡ. ಹೆಚ್ಚಾದದ್ದು ಸೀಲಿನಿಂದಲೇ ಹೊರಬರುತ್ತದೆ. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ ಆಯಿಲ್ ಸರಿ. ಗೇರ್‌ಬಾಕ್ಸ್‌ಗೆ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿ. ಜಿಎಲ್-5ರ ರಾಸಾಯನಿಕ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು.

ಡೀಸೆಲ್ ಮತ್ತು ಸ್ಟೀರಿಂಗ್

ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯಲ್ಲಿ ಡೀಸೆಲ್ ಪೈಪು ಗಾಳಿ ಎಳೆಯುತ್ತಿರಬಹುದು. ಟ್ಯಾಂಕಿನಿಂದ ಫಿಲ್ಟರ್‌ಗೆ ಬರುವ ದಾರಿಯಲ್ಲಿ ಒಂದು ಗೇಣು ಪಾರದರ್ಶಕ ಪೈಪು ತಾತ್ಕಾಲಿಕವಾಗಿ ಸೇರಿಸಿ. ಗುಳ್ಳೆ ಓಡಿದರೆ ಅದಕ್ಕಿಂತ ಹಿಂದೆ ತೂತಿದೆ. ಕಾಮನ್ ರೈಲ್ ಎಂಜಿನ್ನಾದರೆ (ಎಲ್ಲ ಇಂಜೆಕ್ಟರ್‌ಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಹೋಗುವ ಬಗೆ), ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಲೇಬೇಡಿ. ಒತ್ತಡ ಸಾವಿರ ಬಾರ್ ದಾಟುತ್ತದೆ, ಸೂಜಿಯಂಥ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಸಣ್ಣದಾಗಿ ಕಂಡರೂ ನೇರ ಆಸ್ಪತ್ರೆಗೆ ಹೋಗಿ. ಎಂಜಿನ್ ಆಯಿಲ್ ಕಡಿಮೆಯಾಗುವ ಬದಲು ಏರುತ್ತಿದ್ದು, ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಪಂಪಿನ ಇಲ್ಲವೇ ಇಂಜೆಕ್ಟರಿನ ಒಳ ಸೋರಿಕೆ. ಅಂಥ ಆಯಿಲ್‌ನಲ್ಲಿ ಬೇರಿಂಗ್ ಬೇಗ ಸವೆಯುತ್ತದೆ, ಓಡಿಸಬೇಡಿ.

ಪವರ್ ಸ್ಟೀರಿಂಗ್‌ನಲ್ಲಿ ಪೂರ್ತಿ ತಿರುಗಿಸಿದಾಗ ಕುಂಯ್ ಎಂದರೆ ಆಯಿಲ್ ಕಡಿಮೆಯಾಗಿದೆ. ಹೋಸಿನ ಕ್ರಿಂಪ್ ಮಾಡಿದ ಕೊರಳು ಮತ್ತು ಸ್ಟೀರಿಂಗ್ ಬಾಕ್ಸಿನ ಕೆಳ ಸೀಲು, ಇವೆರಡೇ ಹೆಚ್ಚಾಗಿ ಸೋರುವ ಜಾಗ.

ವಾರಕ್ಕೆ ಹತ್ತು ನಿಮಿಷ

ವಾರದ ಒಂದು ದಿನ ಗೊತ್ತು ಮಾಡಿಕೊಂಡು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್, ಕೂಲೆಂಟ್, ಬ್ರೇಕ್, ಕ್ಲಚ್, ಸ್ಟೀರಿಂಗ್ ಮಟ್ಟ ನೋಡಿ, ಟ್ರಿಪ್ ಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಖು, ಕಿಲೋಮೀಟರ್, ಹಾಕಿದ ಪ್ರಮಾಣ ಬರೆಯಿರಿ. "ಆಯಿಲ್ ತಿಂತಿದೆ" ಎನ್ನುವುದಕ್ಕೂ "1,200 ಕಿಲೋಮೀಟರಿಗೆ 400 ಮಿಲಿಲೀಟರ್ ಹಾಕಿದೆ, ನೆಲದ ಮೇಲೆ ಹನಿ ಇಲ್ಲ, ಸೈಲೆನ್ಸರ್‌ನಿಂದ ನೀಲಿ ಹೊಗೆ" ಎನ್ನುವುದಕ್ಕೂ ಮೆಕ್ಯಾನಿಕ್‌ಗೆ ಬಹಳ ವ್ಯತ್ಯಾಸ. ಎರಡನೆಯದರಲ್ಲಿ ಸೋರಿಕೆ ಇಲ್ಲ, ಉರಿಯುತ್ತಿದೆ ಎಂಬ ಉತ್ತರವೇ ಇದೆ.

ಆಯಿಲ್ ಬದಲಿಸುವಾಗ ಪುಸ್ತಕದಲ್ಲಿ ಹೇಳಿದ ಪ್ರಮಾಣಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಒಂದು ನಿಮಿಷ ಓಡಿಸಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿಕೊಂಡು ಉಳಿದದ್ದು ಸೇರಿಸಿ. ಈ ವಯಸ್ಸಿನ ಡೀಸೆಲ್‌ಗಳಿಗೆ ಸಾಮಾನ್ಯವಾಗಿ 15ಡಬ್ಲ್ಯು-40 ಸರಿಹೋಗುತ್ತದೆ. ಧೂಳಿನ ಹಾದಿ, ಪೂರ್ತಿ ಲೋಡು, ಕಡಿಮೆ ದೂರದ ಓಡಾಟವಿದ್ದರೆ ಪುಸ್ತಕದ ಅವಧಿಗೆ ಕಾಯದೆ ಬೇಗ ಬದಲಿಸಿ. ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಯು.ಜೆ. ಕ್ರಾಸ್ ಮತ್ತು ಕಮಾನ್ ಶ್ಯಾಕಲ್ ನಿಪ್ಪಲ್‌ಗಳಿಗೆ ಹಳೆಯ ಗ್ರೀಸ್ ಅಂಚಿನಿಂದ ಹೊರಬಂದು ಹೊಸದು ಕಾಣುವವರೆಗೆ ಪಂಪ್ ಮಾಡಿ. ಕೆಸರಿಗೆ ಇಳಿದಿದ್ದರೆ ತೊಳೆದ ದಿನವೇ.

ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಆಗಬೇಕು. ಅದಕ್ಕೆ ಒಂದು ತಿಂಗಳು ಮುಂಚೆ ಈ ರಟ್ಟಿನ ಪರೀಕ್ಷೆ ಮಾಡಿದರೆ ಸೋರಿಕೆ ಸರಿಪಡಿಸಲು ಸಮಯ ಸಿಗುತ್ತದೆ. ಹಿಂದಿನ ದಿನ ಬರೀ ತೊಳೆದು ಒಯ್ದರೆ ಒಡೆದ ಬ್ರೇಕ್ ಹೋಸ್ ತೊಳೆದಷ್ಟು ಚೆನ್ನಾಗಿ ಕಾಣುತ್ತದೆ, ಸರಿಯಾಗುವುದಿಲ್ಲ.

ಇಳಿಸಿದ ಹಳೆಯ ಆಯಿಲನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿ, ಹಳೆಯ ಆಯಿಲ್ ಕೊಳ್ಳುವ ಪರವಾನಗಿ ಇದ್ದವರಿಗೆ ತಲುಪಿಸುವ ಗ್ಯಾರೇಜಿಗೆ ಕೊಡಿ. ಕೂಲೆಂಟ್ ಮತ್ತು ಬ್ರೇಕ್ ಆಯಿಲನ್ನು ಅದರ ಜೊತೆ ಬೆರೆಸಬೇಡಿ, ಬೇರೆ ಬೇರೆ ಬಾಟಲಿಗೆ ತುಂಬಿ ಹೆಸರು ಬರೆಯಿರಿ. ನೀರಿನ ಬಾಟಲಿಗೆ ತುಂಬಿದರಂತೂ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ.